ಆಗ್ನೇಯಕ್ಕಲ್ಲ, ಆಚೆಗೆ ಕೂರಿಸಿ: ಮನೆಯ ಜನರೇಟರ್ ಜೊತೆ ಮಾತುಕತೆ

ಬಸವಕಲ್ಯಾಣ, ಹುಮನಾಬಾದ್ ಕಡೆ ಮನೆ ಕಟ್ಟುವವರು ದೇವರಿಗೆ ಈಶಾನ್ಯ ಮೂಲೆ ಬಿಡುತ್ತಾರೆ, ಒಲೆಗೆ ಆಗ್ನೇಯ ಕೊಡುತ್ತಾರೆ, ಬೈಕಿಗೂ ಗೇಟಿನೊಳಗೆ ಜಾಗ ಗುರುತು ಮಾಡುತ್ತಾರೆ. ನಕ್ಷೆಯಲ್ಲಿ ಹೆಸರೇ ಇಲ್ಲದೆ ಮನೆ ಸೇರುವುದು ಜನರೇಟರ್ ಒಂದೇ. ಜೆಸ್ಕಾಂ ಕರೆಂಟು ಹೋದ ರಾತ್ರಿ ಅದರ ನೆನಪಾಗುತ್ತದೆ, ಬಂದೊಡನೆ ಮರೆತುಹೋಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಎಲ್ಲ ಕಾಯಕದವರೂ ಕೂತು ವಾದಿಸಿದ ಅನುಭವ ಮಂಟಪದ ಊರು ಬಸವಕಲ್ಯಾಣ. ಇಲ್ಲಿ ಯಂತ್ರಕ್ಕೂ ಒಂದು ಮಾತು ಸಲ್ಲಬೇಕು ಎಂದುಕೊಂಡು 2 ಕೆವಿಎ ಪೆಟ್ರೋಲ್ ಜನರೇಟರ್ ಒಂದನ್ನು ಮಾತಿಗೆಳೆಯಲಾಯಿತು. ಕಾಲ್ಪನಿಕವಾದದ್ದು ಅದರ ಬಾಯಿ ಮಾತ್ರ. ಅದು ಕೊಟ್ಟ ಲೆಕ್ಕವೆಲ್ಲ ನಿಜ.

ಪ್ರಶ್ನೆ: ಈಗ ತಾವು ಎಲ್ಲಿ ವಾಸವಾಗಿದ್ದೀರಿ?

ಜನರೇಟರ್: ಮೆಟ್ಟಿಲ ಕೆಳಗೆ ರೀ. ಎಡಕ್ಕೆ ಚಪ್ಪಲಿ, ಬಲಕ್ಕೆ ಜೋಳದ ಚೀಲ, ಎದುರಿಗೆ ಮಲಗುವ ಕೋಣೆಯ ಬಾಗಿಲು. ಈ ಜಾಗಕ್ಕೆ ಯಜಮಾನರು ನಾಲ್ಕು ಕಾರಣ ಕೊಟ್ಟರು: ಮಳೆ ಬೀಳುವುದಿಲ್ಲ, ಕಳ್ಳರ ಕಣ್ಣಿಗೆ ಬೀಳುವುದಿಲ್ಲ, ವೈರು ಕಡಿಮೆ ಸಾಕು, ಕತ್ತಲಲ್ಲಿ ಹಗ್ಗ ಎಳೆಯಲು ಹತ್ತಿರ. ನಾಲ್ಕರಲ್ಲಿ ಎರಡು ನನ್ನ ಕ್ಷೇಮಕ್ಕೆ, ಎರಡು ಅವರ ಸುಖಕ್ಕೆ. ಕೊಳ್ಳುವಾಗ ಎಷ್ಟು ಫ್ಯಾನು ತಿರುಗುತ್ತವೆ, ಲೀಟರಿಗೆ ಎಷ್ಟು ತಾಸು ಬರುತ್ತದೆ, ಗ್ಯಾರಂಟಿ ಎಷ್ಟು ವರ್ಷ ಎಂದೆಲ್ಲ ವಿಚಾರಿಸಿದರು. ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ನನ್ನ ಜಾಗ ನಿರ್ಧಾರವಾಗಬೇಕಾದದ್ದು ಆ ಒಂದು ಪ್ರಶ್ನೆಯಿಂದ. ಯಜಮಾನರ ಆ ನಾಲ್ಕು ಕಾರಣಗಳಿಗೂ ದುಡ್ಡು ಖರ್ಚು ಮಾಡಿದರೆ ಉತ್ತರ ಸಿಗುತ್ತದೆ, ಹೊಗೆಗೆ ಮಾತ್ರ ದೂರವೇ ಉತ್ತರ.

ಪ್ರಶ್ನೆ: ಹೊಗೆ ಹೆಚ್ಚಾದರೆ ಕೆಮ್ಮು ಬರುತ್ತದೆ, ಎದ್ದು ಬಂದ್ ಮಾಡುತ್ತಾರೆ. ಇಷ್ಟು ಹೆದರಿಸುವುದೇಕೆ?

ಜನರೇಟರ್: ಕೆಮ್ಮು ಬರಿಸುವ ಹೊಗೆ ಮರ್ಯಾದಸ್ಥ ಹೊಗೆ. ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಬಂದಾಗ ಜನ ಪಿತ್ತ ಎಂದುಕೊಂಡು ಮಲಗುತ್ತಾರೆ. ಮಲಗಿದವರಿಗೆ ಆ ಸೂಚನೆಯೂ ಸಿಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಹತ್ತು ಲಕ್ಷ ಭಾಗದಲ್ಲಿ 1,200 ಭಾಗ ಈ ಅನಿಲವಿದ್ದರೆ ಜೀವಕ್ಕೆ ತಕ್ಷಣದ ಅಪಾಯ ಎಂಬುದು ತಜ್ಞರ ಮಿತಿ. ಆ ಕೋಣೆ ಆ ಮಿತಿ ಮುಟ್ಟಲು ಐವತ್ತು ಗ್ರಾಂ ಅನಿಲವೂ ಬೇಡ. ನನ್ನಂಥ ಪೆಟ್ರೋಲ್ ಯಂತ್ರ ತಾಸಿಗೆ ಉಗುಳುವುದು ನೂರಾರು ಗ್ರಾಂ. ಮುನ್ನೂರು ಎಂದು ಹಿಡಿದರೂ ಹತ್ತು ನಿಮಿಷ ಸಾಕು. 2021ರ ಜುಲೈನಲ್ಲಿ ಮಹಾರಾಷ್ಟ್ರದ ಚಂದ್ರಪುರದ ಹತ್ತಿರ ದುರ್ಗಾಪುರದಲ್ಲಿ ರಾತ್ರಿ ಕರೆಂಟು ಹೋಯಿತೆಂದು ಮನೆಯೊಳಗೇ ಜನರೇಟರ್ ಹಚ್ಚಿ ಮಲಗಿದ ಒಂದೇ ಕುಟುಂಬದ ಆರು ಮಂದಿ ತೀರಿಕೊಂಡರು. ನಮ್ಮ ಜಾತಿಯ ಯಂತ್ರ ಅಲ್ಲಿ ಕೆಟ್ಟಿರಬೇಕಾಗಿರಲಿಲ್ಲ. ಸರಿಯಾಗಿ ಕೆಲಸ ಮಾಡುವ ಜನರೇಟರೇ ಇದಕ್ಕೆ ಸಾಕು.

ಪ್ರಶ್ನೆ: ಕಿಟಕಿ ತೆರೆದು ಫ್ಯಾನು ಹಾಕಿಕೊಂಡರೆ?

ಜನರೇಟರ್: ಫ್ಯಾನು ತಿರುಗಿಸಲೆಂದೇ ನನ್ನನ್ನು ತಂದರು, ಈಗ ನನ್ನಿಂದ ಕಾಪಾಡಲು ಫ್ಯಾನು ಬೇಕು! ಕಿಟಕಿಯಿಂದ ಗಾಳಿ ಹೊರಗೂ ಹೋಗುತ್ತದೆ, ಒಳಗೂ ಬರುತ್ತದೆ. ಅದಕ್ಕೆ ನಿಮ್ಮ ಇಷ್ಟ ಗೊತ್ತಿಲ್ಲ. ಬೀದರ್ ಜಿಲ್ಲೆಯ ಚಳಿಯಲ್ಲಿ ರಾತ್ರಿ ಕಿಟಕಿ ತೆರೆದು ಮಲಗುವವರು ಎಷ್ಟು ಜನ ಹೇಳಿ. ಒಂದು ಚಿಕ್ಕ ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮಾನಾಕ್ಸೈಡ್ ಬಿಡಬಲ್ಲದು ಎಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಸುತ್ತದೆ. ಮೆಟ್ಟಿಲ ಕೆಳಗೆ ಕಾರು ಚಾಲೂ ಇಟ್ಟು ಮಲಗುವ ಯಜಮಾನರಿಲ್ಲ, ನನ್ನನ್ನು ಇಟ್ಟು ಮಲಗುತ್ತಾರೆ; ಗಾತ್ರ ನೋಡಿ ಮೋಸಹೋಗುತ್ತಾರೆ. ಬಾಗಿಲು, ಕಿಟಕಿಗಳಿಂದ ಕನಿಷ್ಠ 20 ಅಡಿ ಆಚೆ, ಬಯಲಲ್ಲಿ, ಸೈಲೆನ್ಸರ್ ಬಾಯಿ ಮನೆಗೆ ಬೆನ್ನು ಮಾಡಿರಬೇಕು ಎಂಬುದು ಅಲ್ಲಿಯ ಆರೋಗ್ಯ ಇಲಾಖೆಯವರ ಮಾತು. ಹೊಗೆಗೆ ಪಾಸ್‌ಪೋರ್ಟ್ ಬೇಡವಾದ್ದರಿಂದ ಆ ಮಾತು ಹುಮನಾಬಾದಿಗೂ ಅನ್ವಯಿಸುತ್ತದೆ.

ಪ್ರಶ್ನೆ: ಆದರೆ ಅಗ್ನಿ ತತ್ವಕ್ಕೆ ಆಗ್ನೇಯ ಮೂಲೆಯೇ ಶ್ರೇಷ್ಠ ಎನ್ನುತ್ತಾರಲ್ಲ?

ಜನರೇಟರ್: ಆ ಮೂಲೆಯಲ್ಲಿ ನನಗಿಂತ ಮೊದಲೇ ಒಲೆ, ಗ್ಯಾಸ್ ಸಿಲಿಂಡರ್ ಬಂದು ಕೂತಿವೆ. ಪಕ್ಕದಲ್ಲಿ ಪೆಟ್ರೋಲ್ ತುಂಬಿದ ನಾನು! ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಬೆಂಕಿಯನ್ನು ಹುಡುಕಿಕೊಂಡು ಹೋಗುತ್ತದೆ. ಇನ್ನು ದಿಕ್ಕಿನ ಮಾತು. ಮುಂಗಾರಿನಲ್ಲಿ ಈ ಸೀಮೆಗೆ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ. ಮಳೆಗಾಲದಲ್ಲಿ ಆಗ್ನೇಯ ಮೂಲೆಯ ಹೊಗೆ ಮನೆಯಿಂದಾಚೆ ಹೋದೀತು, ಆದರೆ ಕಾರ್ತಿಕ ಕಳೆದ ಮೇಲೆ ಅದೇ ಮೂಲೆಯಿಂದ ನಿಮ್ಮ ಪಡಸಾಲೆಗೆ ನುಗ್ಗೀತು. ಮೂಲೆ ಬದಲಾಗುವುದಿಲ್ಲ, ಗಾಳಿ ಬದಲಾಗುತ್ತದೆ. ವಾಸ್ತು ನಂಬುವವರನ್ನು ನಾನು ತಡೆಯುವುದಿಲ್ಲ. ಮೊದಲು 20 ಅಡಿ ಅಳೆಯಲಿ, ಆ ಗೆರೆಯ ಆಚೆ ಯಾವ ದಿಕ್ಕು ಬೇಕಾದರೂ ಆರಿಸಿಕೊಳ್ಳಲಿ.

ಪ್ರಶ್ನೆ: ದೂರ ಇಟ್ಟರೆ ಕಳ್ಳರು ಒಯ್ಯುತ್ತಾರೆ, ಮಳೆಗೆ ನೆನೆಯುತ್ತೀರಿ, ವೈರಿನಲ್ಲೇ ಕರೆಂಟು ಸೋರಿಹೋಗುತ್ತದೆ.

ಜನರೇಟರ್: ಒಂದೊಂದಾಗಿ ಬನ್ನಿ. ಕಳ್ಳರಿಗೆ ಕಬ್ಬಿಣದ ಜಾಳಿಗೆಯ ಪಂಜರ, ಕಾಂಕ್ರೀಟಿನಲ್ಲಿ ಹೂತ ಕೊಂಡಿ, ಒಂದು ಸರಪಳಿ. ಗಾಳಿ ದಾಟುತ್ತದೆ, ಕಳ್ಳ ದಾಟುವುದಿಲ್ಲ. ಮಳೆಗೆ ಒಂದಡಿ ಎತ್ತರದ ಕಟ್ಟೆ, ಮೇಲೊಂದು ತಗಡು, ನಾಲ್ಕೂ ಕಡೆ ಬಯಲು. ತಾಡಪತ್ರಿ ಸುತ್ತಿದರೆ ಬೆಂಕಿಗೆ ನೀವೇ ಆಹ್ವಾನ ಕೊಟ್ಟಂತೆ. ಇನ್ನು ಸೋರುವ ಕರೆಂಟು: ನನ್ನ ಪೂರ್ತಿ ಶಕ್ತಿಯಲ್ಲಿ ಹರಿಯುವುದು ಸುಮಾರು 9 ಆಂಪಿಯರ್. 2.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು 20 ಮೀಟರ್ ಎಳೆದರೆ 230 ವೋಲ್ಟಿನಲ್ಲಿ ಕಡಿಮೆಯಾಗುವುದು ಮೂರು ವೋಲ್ಟೂ ಅಲ್ಲ. ನಿಜವಾದ ಖರ್ಚು ನನ್ನ ಕರೆಂಟನ್ನು ಕಂಬದ ಲೈನಿನಿಂದ ಬೇರೆ ಇಡುವ ಚೇಂಜ್‌ಓವರ್ ಸ್ವಿಚ್ಚಿನದು, ಅದನ್ನೇ ಉಳಿಸಲು ಹೋಗುತ್ತಾರೆ. ಎರಡೂ ತುದಿಗೆ ಪಿನ್ ಇರುವ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ನನ್ನ ಕರೆಂಟು ಮೀಟರು ದಾಟಿ ಕಂಬಕ್ಕೆ ಏರುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು 11 ಸಾವಿರ ವೋಲ್ಟಿಗೂ ಏರಿಸಬಲ್ಲದು. ಲೈನು ಬಂದ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಏನು ತಪ್ಪು ಮಾಡಿದ್ದ?

ಪ್ರಶ್ನೆ: ಬಸವಕಲ್ಯಾಣದ ಕೋಟೆ ಸುತ್ತಲಿನ ಇಕ್ಕಟ್ಟು ಓಣಿಗಳಲ್ಲಿ 20 ಅಡಿ ಎಲ್ಲಿಂದ ತರುವುದು?

ಜನರೇಟರ್: ಇದೇ ಗಟ್ಟಿ ಆಕ್ಷೇಪ, ಇದಕ್ಕೆ ಜಾಣ್ಮೆಯ ಉತ್ತರವಿಲ್ಲ. ಅಗಲ ಹತ್ತಡಿ ಇರುವ ಓಣಿಯಲ್ಲಿ ನಿಮ್ಮ ಕಿಟಕಿಯಿಂದ ದೂರವಾದರೆ ಎದುರುಮನೆಯ ಕಿಟಕಿಗೆ ಹತ್ತಿರವಾಗುತ್ತೇನೆ. ಆಗ ನನ್ನ ಅಪಾಯ ಕಡಿಮೆಯಾಗುವುದಿಲ್ಲ, ಯಜಮಾನ ಮಾತ್ರ ಬದಲಾಗುತ್ತಾನೆ. ದೊಡ್ಡ ಡೀಸೆಲ್ ಅಣ್ಣಂದಿರಿಗೆ ಸರ್ಕಾರದ ಕಟ್ಟಳೆಯಿದೆ: ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬಲ್ ಮೀರಬಾರದು, 25 ಕೆವಿಎ ಇದ್ದರೆ ಹೊಗೆಕೊಳವೆ ಕಟ್ಟಡಕ್ಕಿಂತ ಒಂದು ಮೀಟರ್ ಮೇಲಿರಬೇಕು. ಮನೆಯ ಮೆಟ್ಟಿಲ ಕೆಳಗೆ ಇಣುಕಿ ನನ್ನನ್ನು ಅಳೆಯುವ ಅಧಿಕಾರಿ ಇಲ್ಲ, ಯಜಮಾನರ ವಿವೇಕವೇ ನನ್ನ ಇಲಾಖೆ. ಜಾಗವಿಲ್ಲದವರು ನನ್ನನ್ನು ಕೊಳ್ಳಲೇಬಾರದು. ನಾಲ್ಕು ಬಲ್ಬು, ಎರಡು ಫ್ಯಾನಿಗೆ ಇನ್ವರ್ಟರ್ ಸಾಕು, ಅದರ ಬ್ಯಾಟರಿಯನ್ನೂ ಗಾಳಿಯಾಡುವಲ್ಲಿ ಇಡಲಿ. ನನ್ನ ಮಾರಾಟ ಕಡಿಮೆಯಾದರೆ ಅಂಗಡಿಯವರು ಬೈಯಲಿ.

ಮಾರಾಟಕ್ಕಿಟ್ಟ ವಸ್ತುವೇ ತನ್ನನ್ನು ಕೊಳ್ಳಬೇಡಿ ಎನ್ನುವುದು ಅಪರೂಪ. ಆದರೂ ಅದರ ವಾದದಲ್ಲಿ ಬಿರುಕಿಲ್ಲ. ಕಳ್ಳತನ, ಮಳೆ, ವೈರು, ವಾಸ್ತು ಎಲ್ಲವೂ ತೂಗಿ ನೋಡುವ ವಿಷಯಗಳೇ; ಆದರೆ ಅವು ಎರಡನೆಯ ಸಾಲಿನಲ್ಲಿ ನಿಲ್ಲಬೇಕು. ಆಟೋನಗರದಲ್ಲಿ ಲಾರಿ ಬಿಚ್ಚಿ ಕಟ್ಟುವವರ ಬಸವಕಲ್ಯಾಣಕ್ಕೆ ಎಂಜಿನ್ನಿನ ಹೊಗೆ ಎಂಥದೆಂದು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮನೆಯ ಪುಟ್ಟ ಪೆಟ್ಟಿಗೆಯೊಳಗೂ ಅದೇ ಎಂಜಿನ್ ಇದೆ ಎಂದು ಒಪ್ಪಿಕೊಂಡರೆ ಸಾಕು. ಮುಂದಿನ ಸಲ ಕರೆಂಟು ಹೋಗುವ ಮೊದಲು, ಹಗಲು ಬೆಳಕಿನಲ್ಲೇ, ಒಂದು ಟೇಪು ಹಿಡಿದು ಕಿಟಕಿಯಿಂದ 20 ಅಡಿ ಅಳೆಯಿರಿ. ನೆರೆಮನೆಯ ಕಿಟಕಿಯಿಂದಲೂ ಅಳೆಯಿರಿ. ಎರಡೂ ಲೆಕ್ಕ ಕೂಡಿಬಂದರೆ ಕಟ್ಟೆ ಕಟ್ಟಿಸಿ. ಕೂಡಿಬರದಿದ್ದರೆ ಜನರೇಟರನ್ನು ಮಾರಿಬಿಡಿ.