ನಮ್ಮ ಹೊಲದ ಚಿಗರಿಗಳಿಗೆ ಒಂದು ಬಹಿರಂಗ ಪತ್ರ

ಹೊಳೆಮಣ್ಣೂರ ಸೀಮೆಯ ಎರಿಹೊಲಗಳಲ್ಲಿ ಮೇಯ್ದುಕೊಂಡು ಸುಖವಾಗಿರುವ ಸಮಸ್ತ ಚಿಗರಿಗಳಿಗೆ, ಶರಣು.

ನೀವು ಉಳಿಸಿದಷ್ಟು ಹೆಸರನ್ನು ರಾಶಿ ಮಾಡಿ, ಹೊಳೆಆಲೂರಲ್ಲಿ ಮೈಸೂರು ರೈಲು ಹತ್ತಿ, ಮನೆಮಂದಿಯೆಲ್ಲ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರಕ್ಕೆ ಹೋಗಿಬಂದೆವು. ಶಿಕಾರಿಗೆ ಬಂದಾಗ ಮೈಸೂರು ಮಹಾರಾಜರು ಇಳಿದುಕೊಳ್ಳುತ್ತಿದ್ದ ಬಂಗಲೆ ಅಲ್ಲಿದೆ. ಈಗ ಅದು ಸರಕಾರದ ಜಂಗಲ್ ಲಾಡ್ಜಸ್‌ನವರ ಕೈಯಲ್ಲಿದೆ. ಬಂದೂಕಿನವರು ಹೋಗಿ ಕ್ಯಾಮೆರಾದವರು ಬಂದಿದ್ದಾರೆ. ಪ್ರಾಣಿಗಳು ಬಚಾವ್, ಗುಂಡು ಬಿದ್ದದ್ದು ನಮ್ಮ ಜೇಬಿಗೆ.

ಸಫಾರಿಯಲ್ಲಿ ಚುಕ್ಕೆಜಿಂಕೆ ಕಂಡದ್ದೇ ತಡ, ಜೀಪು ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ನಮ್ಮವ್ವ ಮಾತ್ರ ರೂಢಿಯಂತೆ ಎದ್ದು ನಿಂತು, ಸೆರಗು ಬೀಸಿ, "ಹೋ! ಹೋಯ್!" ಎಂದು ಕೂಗಿಬಿಟ್ಟಳು. ಜಿಂಕೆಗಳು ದಿಕ್ಕಾಪಾಲು. ಹಿಂದಿನ ಸೀಟಿನವರು ನಮ್ಮನ್ನು ನೋಡಿದ ನೋಟಕ್ಕೆ ನಾವೂ ಕಾಡಿಗೆ ಓಡಬೇಕಿತ್ತು. ಡ್ರೈವರ್, "ಅಮ್ಮಾ, ಗಲಾಟೆ ಮಾಡ್ಬಾರ್ದು" ಎಂದ. ಅವ್ವ ಬಿಡಲಿಲ್ಲ: "ಇಷ್ಟು ರೊಕ್ಕಾ ಕೊಟ್ಟೇವಿ, ಓಡಸಾಕೂ ಬಿಡೂದಿಲ್ಲೇನಪಾ?"

ನಿಮ್ಮ ಬೆಲೆ ನನಗೆ ತಿಳಿದದ್ದು ಅಲ್ಲಿಯೇ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿ ಕೃಷ್ಣಮೃಗವೆಂಬ ಹೆಸರಿನಲ್ಲಿ ಹುಲಿಯ ಪಂಕ್ತಿಯಲ್ಲೇ ನಿಮಗೂ ಎಲೆ ಹಾಕಿದ್ದಾರೆ. ಆ ಚುಕ್ಕೆಜಿಂಕೆಗೆ ಆ ಪಂಕ್ತಿಯಲ್ಲಿ ಜಾಗವಿಲ್ಲ. ಇಂಥ ಗಣ್ಯರನ್ನು ತಡೆಯಲು ನಾವು ಹೊಲದ ಸುತ್ತ ಗೂಟ ನೆಟ್ಟು ಅವ್ವನ ಹಳೆಯ ಇಳಕಲ್ ಸೀರೆ ಕಟ್ಟಿದ್ದೆವಲ್ಲ, ನಾಚಿಕೆಯಾಗುತ್ತದೆ. ನೀವೇನೂ ಬೇಸರ ಮಾಡಿಕೊಳ್ಳಲಿಲ್ಲ. ಕೆಂಪು ಸೆರಗಿನ ಮೇಲೆ ಹಾರಿ ಬಂದು, ಸಾಲು ಹಿಡಿದು ಹೆಸರಿನ ಕುಡಿಯನ್ನಷ್ಟೇ ಚಿವುಟಿ, ದಂಟು ನಮಗೆ ಬಿಟ್ಟಿರಿ. ಹಸಿ ಎರಿಮಣ್ಣಿನಲ್ಲಿ ಒತ್ತಿದ ಗೊರಸಿನ ಗುರುತೇ ನಿಮ್ಮ ಸಹಿ. ಪರಿಹಾರದ ಅರ್ಜಿಗೆ ಬೇರೆಯವರ ಸಹಿ ಬೇಕಂತೆ, ಅದಿನ್ನೂ ಬಂದಿಲ್ಲ.

ನೀರಿನ ವಿಷಯವೂ ಹೀಗೆಯೇ. ಕಾರಾಪುರದ ಕಡೆ ಕಾಕನಕೋಟೆಯ ಬಳಿ ಕಾಡಾನೆಗಳನ್ನು ಹೊಳೆಗೆ ಅಟ್ಟಿ ಖೆಡ್ಡಾಕ್ಕೆ ಕೆಡವುತ್ತಿದ್ದರು. 1971ರಲ್ಲಿ ಕೊನೆಯದು ನಡೆಯಿತು. 1974ರ ಹೊತ್ತಿಗೆ ಕಬಿನಿ ಅಣೆಕಟ್ಟು ಎದ್ದು ಕಾಡು, ಊರು ಮುಳುಗಿದವು. ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದಲ್ಲಿ ಹುಲ್ಲು ಚಿಗುರುತ್ತದೆ, ಆನೆಗಳ ಜಾತ್ರೆ ಸೇರುತ್ತದೆ, ಜನ ದುಡ್ಡು ಕೊಟ್ಟು ನೋಡುತ್ತಾರೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ಮಲಪ್ರಭೆ ನಮ್ಮ ಕಡೆಯ ಊರುಗಳಿಗೆ ನುಗ್ಗಿದಾಗ ಒಂದು ಟಿಕೆಟ್ಟೂ ಹರಿಯಲಿಲ್ಲ. ನೋಡಲು ಬಂದವರೆಲ್ಲ ಪುಕ್ಕಟೆ ನೋಡಿಹೋದರು.

ಆದ್ದರಿಂದ ಒಂದು ವಿನಂತಿ. ದಟ್ಟ ಕಾಡು ನಿಮಗೆ ಒಗ್ಗದು, ಬಯಲೇ ಬೇಕು, ಅಲ್ಲಿಗೆ ಹೋಗಿರೆಂದು ಹೇಳಲಾರೆ. ನಾವೇ ಚಕ್ಕಡಿ ಕಟ್ಟಿ ಸಫಾರಿ ಶುರುಮಾಡುತ್ತೇವೆ. ಅಲ್ಲಿ ಹುಲಿ ಕಾಣುವುದು ನಸೀಬಿನ ಮೇಲೆ. ಇಲ್ಲಿ ನಿಮ್ಮ ದರ್ಶನ ಖಾತ್ರಿ. ಪ್ರವಾಸಿಗರು ಬಂದಾಗ ಬದುವಿನ ಮೇಲೆ ನಿಂತು ಗಂಡಸರು ಕೊಂಬು ತೋರಿಸಿದರೆ ಸಾಕು. ಓಡಿಸುವ ಆಸೆಯಿದ್ದವರಿಗೆ ದರ ಬೇರೆ. ಅದನ್ನು ಅವ್ವ ನೋಡಿಕೊಳ್ಳುತ್ತಾಳೆ.

ಇಂತಿ,
ನಿಮ್ಮ ಊಟದ ಖರ್ಚು ಹೊತ್ತಿರುವ
ಹೊಳೆಮಣ್ಣೂರಿನ ಒಬ್ಬ ರೈತ

ತಾ.ಕ.: ಕಡಲೆ ಬಿತ್ತಿದ್ದೇವೆ. ನಾವು ಹೇಳುವ ಮೊದಲೇ ನಿಮಗೆ ಸುದ್ದಿ ಮುಟ್ಟಿರಬೇಕು.