ಗಂಜಿ ಮೀಮಾಂಸೆ

ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಸ್ವಲ್ಪ ಗಂಜಿ ಇದೆಯಾ?" ಎಂದು ಕೇಳಿದೆ. ಒಳಗಿನಿಂದ ಬಂದ ಮರುಪ್ರಶ್ನೆಯೇ ಈ ಪ್ರಬಂಧದ ಮೂಲಸೂತ್ರ: "ಹೊಟ್ಟೆಗೋ, ಬಟ್ಟೆಗೋ?"

ಬಡವನ ಊಟಕ್ಕೂ ಮಂತ್ರಿಗಳ ಜುಬ್ಬದ ಬಿಗುವಿಗೂ ಒಂದೇ ಹೆಸರಿಟ್ಟು ಕನ್ನಡಿಗ ಸುಮ್ಮನಿದ್ದಾನೆ. 'ಹೊಟ್ಟೆಬಟ್ಟೆ' ಎಂಬ ಜೋಡುಪದ ಹುಟ್ಟಿದ್ದು ಒಂದೇ ಪಾತ್ರೆ ಎರಡಕ್ಕೂ ಆಗಿಬರುವುದರಿಂದಲೇ ಎಂಬುದು ನನ್ನ ದೃಢ ಮತ. ಇನ್ನು ಪದಮೂಲ. ತಮಿಳಿನ ಕಂಜಿ, ಸಂಸ್ಕೃತದ ಕಾಂಜಿಕ ಎಂದು ಪಂಡಿತರು ಹಿಂಜಿದ್ದಾರೆ. 'ಗಂಭೀರ'ದ ಮುಂದೆ 'ಜೀ' ಬಂದು, ನಡುವಿನ ಅಕ್ಷರಗಳು ಒಗೆತದಲ್ಲಿ ಹೋಗಿ, 'ಗಂಜಿ' ಉಳಿಯಿತೆಂದು ನಾನು ಸಾಧಿಸುತ್ತೇನೆ. ವೈಯಾಕರಣರು ಒಪ್ಪುವುದಿಲ್ಲ. ಒಪ್ಪದಿರುವುದು ಅವರ ಕಸುಬು.

ಪೂರ್ವಪಕ್ಷ ರಸಾಯನಶಾಸ್ತ್ರದವರದು. ಗಂಜಿಯ ಜೀವಾಳ ಪಿಷ್ಟ. ಗಿಡ ಬಿಸಿಲಲ್ಲಿ ದುಡಿದ ಸಕ್ಕರೆಯನ್ನು ಸರಪಳಿ ಹೆಣೆದು ಕಾಳಿನಲ್ಲೋ ಗೆಡ್ಡೆಯಲ್ಲೋ ಬಚ್ಚಿಡುವ ಇಡುಗಂಟು ಅದು. ಸರಪಳಿಯಲ್ಲಿ ಎರಡು ಪಂಗಡ: ನೇರ ನಡೆಯ ಅಮೈಲೋಸ್, ಕವಲೊಡೆದ ಅಮೈಲೋಪೆಕ್ಟಿನ್. ಸಾಮಾನ್ಯವಾಗಿ ನೂರರಲ್ಲಿ 70–80 ಪಾಲು ಎರಡನೆಯದೇ; ನಮ್ಮ ಸಂಘಗಳಲ್ಲಿರುವಂತೆ ಇಲ್ಲೂ ಕವಲೊಡೆದವರದೇ ಬಹುಮತ. ನೀರಿನಲ್ಲಿ 60–80 ಡಿಗ್ರಿ ಸೆಲ್ಸಿಯಸ್ ಕಾಯುವ ಹೊತ್ತಿಗೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ, ಒಡೆದು, ಮಂದವಾಗುತ್ತವೆ. ಆರಿತೆಂದರೆ ಬಿಡಿಸಿಕೊಂಡ ಸರಪಳಿಗಳು ಮತ್ತೆ ಒತ್ತೊತ್ತಾಗಿ ಕೂರುತ್ತವೆ. ತಂಗಳನ್ನ ಬಿರುಸಾಗುವುದು ಹೀಗೆ. ಅದೇ ಗಂಜಿ ಬಟ್ಟೆಯ ಎಳೆಗಳ ಮೇಲೆ ಪೊರೆಯಾಗಿ ಒಣಗಿದರೆ ಗರಿಗರಿ. ಅಯೋಡಿನ್ ಹನಿಸಿದರೆ ಪಿಷ್ಟ ಕಡುನೀಲಿಗೆ ತಿರುಗುವುದು 1814ರಿಂದ ತಿಳಿದ ಸಂಗತಿ. ಮಂತ್ರಿಗಳ ಜುಬ್ಬದ ಮೇಲೆ ಈ ಪರೀಕ್ಷೆ ನಡೆಸಲು ನನಗೆ ಅನುಮತಿ ಸಿಗಲಿಲ್ಲ.

ಸಾಹಿತ್ಯದ ಪ್ರಮಾಣ ಬೇಕೆಂದರೆ ಜನ್ನನ 'ಯಶೋಧರ ಚರಿತೆ' (1209) ಇದೆ. ಜೀವಹಿಂಸೆ ಬೇಡವೆಂದು ಯಶೋಧರನೂ ಅವನ ತಾಯಿಯೂ ಹಿಟ್ಟಿನಲ್ಲಿ ಕೋಳಿ ಮಾಡಿ ಬಲಿಕೊಟ್ಟರು. ಅದು ಕೂಗಿತು! ತಾಯಿ ಮಗ ಇಬ್ಬರೂ ಆ ಸಂಕಲ್ಪದೋಷಕ್ಕೆ ನವಿಲಾಗಿ, ನಾಯಾಗಿ, ಜನ್ಮಜನ್ಮ ತೊಳಲಿದರು. ಪಿಷ್ಟ ಬರೀ ಸಸ್ಯವಸ್ತು ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅದನ್ನು ಓದಿದಂದಿನಿಂದ ಚಕ್ಕುಲಿ ಮುರಿಯುವಾಗ ನನ್ನ ಕೈ ನಡುಗುತ್ತದೆ. ಆದರೂ ಮುರಿಯುತ್ತೇನೆ.

ಉಪಯೋಗಗಳನ್ನು ಬೇಗ ಮುಗಿಸೋಣ. ನೇಕಾರ ಹಾಸಿನ ನೂಲಿಗೆ ಗಂಜಿ ಉಣಿಸದಿದ್ದರೆ ಮಗ್ಗದ ಏಟಿಗೆ ಎಳೆ ಉಳಿಯುವುದಿಲ್ಲ. ಮೈದಾ ಅಂಟಿಲ್ಲದೆ ಸಿನಿಮಾ ನಾಯಕರು ಗೋಡೆ ಹತ್ತುತ್ತಿರಲಿಲ್ಲ. ಮರಗೆಣಸಿನ ಪಿಷ್ಟವೇ ಸಬ್ಬಕ್ಕಿ. ಅದರ ಖಿಚಡಿಯನ್ನು ಹೊಟ್ಟೆತುಂಬ ತಿಂದವರೂ "ಇವತ್ತು ಉಪವಾಸ" ಎನ್ನುವುದುಂಟು. ಸಬ್ಬಕ್ಕಿ ಹೊಟ್ಟೆಯ ಲೆಕ್ಕಕ್ಕೂ ಸೇರದು, ಬಟ್ಟೆಯ ಲೆಕ್ಕಕ್ಕೂ ಸೇರದು. ಅದಕ್ಕೆ ಬೇರೆಯೇ ಪ್ರಬಂಧ ಬೇಕು.

ಸಿದ್ಧಾಂತ: ಒಳಗೆ ಹೋದ ಗಂಜಿ ಮನುಷ್ಯನನ್ನು ಮೆತ್ತಗಾಗಿಸುತ್ತದೆ, ಹೊರಗೆ ನಿಂತದ್ದು ಸೆಟೆಸುತ್ತದೆ. ಜ್ವರದಲ್ಲಿ ಗಂಜಿ ಕುಡಿದವರು ಭಾಷಣಕ್ಕೆ ಎದ್ದದ್ದನ್ನು ನಾನು ಕಂಡಿಲ್ಲ. ಗಂಜಿ ಹಾಕಿದ ಜುಬ್ಬ ತೊಟ್ಟವರು ಭಾಷಣ ಮಾಡದೆ ಮನೆಗೆ ಮರಳಿದ್ದನ್ನೂ ಕಂಡಿಲ್ಲ.

ಈ ಸಿದ್ಧಾಂತವನ್ನು ವಿಚಾರಸಂಕಿರಣದಲ್ಲಿ ಮಂಡಿಸಬೇಕಿತ್ತು. "ಬಟ್ಟೆಗೆ" ಎಂದು ಉತ್ತರಿಸಿ, ಅಮ್ಮ ಅನ್ನ ಬಸಿದಿಟ್ಟ ಗಂಜಿಯನ್ನೆಲ್ಲ ತಂದು, ಜುಬ್ಬ ಅದ್ದಿ, ಹಿಂಡಿ, ಹಿತ್ತಲ ತಂತಿಯ ಮೇಲೆ ಹರವಿದೆ. ಟಿಪ್ಪಣಿ ತಿದ್ದಿಕೊಂಡು ಹೋಗಿ ನೋಡುತ್ತೇನೆ: ಪಕ್ಕದ ಮನೆಯ ಗೌರಿ ಬಲತೋಳನ್ನು ಮುಗಿಸಿ, ಕಣ್ಣು ಅರೆಮುಚ್ಚಿ, ಎಡತೋಳಿನ ಪರಿಶೀಲನೆಯಲ್ಲಿತ್ತು.

ನನ್ನ ಕೂಗಿಗೆ ಅಮ್ಮ ಹೊರಗೆ ಬಂದಳು. ಒಮ್ಮೆ ಜುಬ್ಬ ನೋಡಿದಳು, ಒಮ್ಮೆ ಹಸು ನೋಡಿದಳು.

"ದಿನಾ ಆ ಗಂಜಿ ಅದಕ್ಕೇ ಹಾಕ್ತಿದ್ದೆ ಕಣೋ," ಎಂದಳು. "ಇವತ್ತು ನೀನು ತಗೊಂಡುಬಿಟ್ಟೆಯಲ್ಲ."