ರಸಮಟ್ಟ

ನನ್ನ ಲಾರಿ ತಲೆ ತಗ್ಗಿಸಿಕೊಂಡು ಓಡಾಡುತ್ತಿದೆ ಎಂಬುದು ಮೂರು ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ. ತಂದವರು ಕನ್ನಡ ಕೂಟದ ಯುಗಾದಿ ಊಟಕ್ಕೆ ಬಂದಿದ್ದ ಒಬ್ಬ ಹಿರಿಯರು. ಎಡಗೈಯಲ್ಲಿ ಒಬ್ಬಟ್ಟಿನ ತಟ್ಟೆ ಹಿಡಿದು ನನ್ನ ಎಫ್-150ಕ್ಕೆ ಒಂದು ಪ್ರದಕ್ಷಿಣೆ ಹಾಕಿದರು. "ಇನ್ನೂ ಲೆವೆಲ್ ಮಾಡಿಸಿಲ್ವಾ?" ಅಂದರು. ಮಗೂಗೆ ಇನ್ನೂ ಕಿವಿ ಚುಚ್ಚಿಸಿಲ್ವಾ ಅನ್ನುತ್ತಾರಲ್ಲ, ಅದೇ ದನಿ. "ನೋಡಿ, ಮುಂದೆ ಹೆಂಗೆ ಮುಗ್ಗರಿಸಿದೆ."

ನೋಡಿದೆ. ಮುಗ್ಗರಿಸಿತ್ತು. ಹಲ್ಲಿನ ಸಂದಿಗೆ ಮಾವಿನ ನಾರು ಸಿಕ್ಕ ಹಾಗಾಯಿತು; ಆಮೇಲೆ ನಾಲಿಗೆಗೆ ಬೇರೆ ಕೆಲಸವಿಲ್ಲ.

ಲಾರಿ ಅಂದೆನಲ್ಲ, ಇಲ್ಲಿ ಟೆಕ್ಸಾಸಿನಲ್ಲಿ ಅದಕ್ಕೆ ಟ್ರಕ್ ಅನ್ನುತ್ತಾರೆ. ಮನೆಗೆ ತಂದ ದಿನ ನನ್ನಾಕೆ ಬಾಗಿಲಲ್ಲಿ ನಿಂತು "ಇದೇನ್ರೀ ಲಾರಿ!" ಅಂದಳು, ಹೆಸರು ನಿಂತಿತು. ಈ ದೇಶದಲ್ಲಿ 1977ರಿಂದ ಈಚೆಗೆ ಎಫ್ ಸರಣಿಯಷ್ಟು ಬೇರಾವ ಪಿಕಪ್ಪೂ ಮಾರಾಟವಾಗಿಲ್ಲ. ಇಷ್ಟು ಜನ ಕೊಂಡಿದ್ದಾರೆಂದರೆ ಏನೋ ಇರಬೇಕು ಎಂದು ನಾನೂ ಕೊಂಡೆ. ಅವರು ಹುಲ್ಲಿನ ಪಿಂಡಿ ಸಾಗಿಸುತ್ತಾರೆ, ದೋಣಿ ಎಳೆಯುತ್ತಾರೆ, ಕುದುರೆ ಒಯ್ಯುತ್ತಾರೆ. ನಾನು ಲ್ಯಾಪ್‌ಟಾಪ್ ಒಯ್ಯುತ್ತೇನೆ. ಅದೂ ವಾರಕ್ಕೆ ಎರಡು ದಿನ.

ವಿಚಾರಿಸಿದರೆ, ಕಂಪನಿಯವರೇ ಬೇಕೆಂದು ಹಿಂಭಾಗವನ್ನು ಒಂದೂವರೆ-ಎರಡು ಇಂಚು ಎತ್ತರ ಇಟ್ಟಿರುತ್ತಾರಂತೆ. ಹೊರೆ ಬಿದ್ದಾಗ ಹಿಂದಿನ ಪಟ್ಟಿ ಸ್ಪ್ರಿಂಗು ಕುಗ್ಗಿ ಗಾಡಿ ಸಮ ನಿಲ್ಲಲಿ ಎಂದು. ಹೊರುವವರ ಲಾರಿ ಹೊತ್ತಾಗ ತಾನೇ ನೆಟ್ಟಗಾಗುತ್ತದೆ. ಹೊರದವರ ಲಾರಿಯನ್ನು ದುಡ್ಡು ಕೊಟ್ಟು ನೆಟ್ಟಗೆ ಮಾಡಿಸಬೇಕು. ಮುಂಭಾಗ ಎತ್ತುವ ಆ ಸಾಮಾನಿಗೆ ಲೆವೆಲಿಂಗ್ ಕಿಟ್ ಎಂದು ಹೆಸರು.

ಕಿಟ್ಟು ಕೊಳ್ಳುವ ಮೊದಲು ಅಳೆಯಬೇಕು. ಚಕ್ರದ ನಡುವಿನ ನೇರಕ್ಕೆ, ನೆಲದಿಂದ ಫೆಂಡರಿನ ಅಂಚಿನವರೆಗೆ ಟೇಪು ಹಿಡಿದರೆ ಮುಗಿಯಿತು. ಹಿಡಿದೆ. ಮುಂದೆ 37 ಇಂಚು, ಹಿಂದೆ 39. ಎರಡು ನಿಮಿಷದ ಕೆಲಸ. ಅಲ್ಲಿಗೆ ಬಿಡಬೇಕಿತ್ತು. ಆದರೆ ನನಗೆ ರಸಮಟ್ಟ ನೆನಪಾಗಿಬಿಟ್ಟಿತು. ಊರಲ್ಲಿ ನಮ್ಮ ಮನೆ ಕಟ್ಟುವಾಗ ಗಾರೆಯವರು ಗೋಡೆಯ ಮೇಲೆ ಅದನ್ನಿಟ್ಟು, ಒಂದು ಕಣ್ಣು ಮುಚ್ಚಿ, ಒಳಗಿನ ಗುಳ್ಳೆಯ ಹತ್ತಿರ ಗುಟ್ಟು ಕೇಳುವವರಂತೆ ಬಗ್ಗುತ್ತಿದ್ದರು. ಹುಡುಗರು ಮುಟ್ಟಿದರೆ ಕೈ ಮೇಲೆ ಏಟು. ಐವತ್ತರ ಹತ್ತಿರ ಬಂದು, ಯಾರೂ ಹೊಡೆಯಲಾರದ ದೇಶದಲ್ಲಿ, ನನ್ನದೇ ಒಂದು ರಸಮಟ್ಟ ಕೊಂಡೆ. ನಾಲ್ಕು ಅಡಿಯದು.

ಶನಿವಾರ ಬೆಳಿಗ್ಗೆ ಲಾರಿಯ ತೊಟ್ಟಿಯ ಅಂಚಿನ ಮೇಲೆ ಇಟ್ಟೆ. ಗುಳ್ಳೆ ಹೆದರಿದ ಹಲ್ಲಿಮರಿಯಂತೆ ಹಿಂದಕ್ಕೆ ಓಡಿ ಗಾಜಿನ ತುದಿಗೆ ಅಂಟಿಕೊಂಡಿತು. ಬರೀ ಎರಡು ಇಂಚಿಗೆ ಇಷ್ಟು ಗಾಬರಿಯೇ? ಅನುಮಾನ ಬಂದು ಮನೆ ಮುಂದಿನ ಕಾಂಕ್ರೀಟಿನ ಮೇಲೇ ರಸಮಟ್ಟ ಇಟ್ಟು, ಪಕ್ಕದಲ್ಲಿ ನಾನೂ ಉದ್ದಕ್ಕೆ ಮಲಗಿ ನೋಡಿದೆ. ನೆಲವೇ ರಸ್ತೆಯ ಕಡೆಗೆ ಇಳಿಜಾರು, ಮಳೆನೀರು ಹರಿಯಲೆಂದು. ಲಾರಿ ರಸ್ತೆಗೆ ಮೂತಿ ಮಾಡಿ ನಿಂತಿತ್ತು. ಅಂದರೆ ಅದರ ಬಗ್ಗುವಿಕೆಗೆ ನೆಲದ ಬಗ್ಗುವಿಕೆಯೂ ಸೇರಿತ್ತು.

ಲಾರಿಯನ್ನು ತಿರುಗಿಸಿ, ಮೂತಿ ಮನೆಯ ಕಡೆಗೆ ಬರುವಂತೆ ನಿಲ್ಲಿಸಿದೆ. ಗುಳ್ಳೆ ನಿಧಾನವಾಗಿ ತೇಲಿ ಬಂದು ಎರಡು ಗೆರೆಗಳ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಿತು. ಕಾಫಿ ಹಿಡಿದು ಬಂದ ನನ್ನಾಕೆ ಬಗ್ಗಿ ನೋಡಿದಳು. "ಸರಿಹೋಯ್ತಲ್ಲ. ಇನ್ಮೇಲೆ ಹಿಂಗೇ ನಿಲ್ಸಿ." ಒಂದು ಡಾಲರ್ ಖರ್ಚಿಲ್ಲದೆ ಲಾರಿ ಲೆವೆಲ್ ಆಗಿತ್ತು. ಗಂಡಸಾದವನು ಇದನ್ನು ಒಪ್ಪುವುದು ಹೇಗೆ?

ನಿಜವಾದ ಸಮನೆಲ ಹುಡುಕಿಕೊಂಡು ಹೊರಟೆ. ದಿನಸಿ ಅಂಗಡಿಯ ಪಾರ್ಕಿಂಗ್ ಚರಂಡಿಯ ಕಡೆಗೆ ಇಳಿಜಾರು. ಶಾಲೆಯದು ಆಟದ ಮೈದಾನದ ಕಡೆಗೆ. ಚರ್ಚಿನದು ನಾಲ್ಕೂ ಕಡೆಗೆ. ದೇವಸ್ಥಾನದ ಪಾರ್ಕಿಂಗಿನಲ್ಲಿ ಲಾರಿಯ ಮುಂದೆ ಅಡ್ಡಬಿದ್ದು ಗುಳ್ಳೆ ನೋಡುತ್ತಿದ್ದಾಗ ತಲೆಯ ಮೇಲೆ ನೆರಳು ಬಿತ್ತು. ಅರ್ಚಕರು. ನನ್ನ ಭಕ್ತಿಯನ್ನು ಮೆಚ್ಚಿದವರಂತೆ, "ಎದ್ದೇಳಿ. ನಿಂಬೆಹಣ್ಣು ತಂದಿದೀರಾ? ನಾಲ್ಕು ಬೇಕು" ಅಂದರು. ತಂದಿಲ್ಲ ಅಂದೆ. ಅವರೇ ಒಳಗಿನಿಂದ ತಂದು ಚಕ್ರಕ್ಕೊಂದೊಂದು ಇಟ್ಟರು. ನಾಲ್ಕೂ ಉರುಳಿಕೊಂಡು ಒಂದೇ ದಿಕ್ಕಿಗೆ ಹೋದವು. ಅಲ್ಲಿಯೂ ಇಳಿಜಾರು! ಆ ದಿನದ ಅತ್ಯಂತ ಖಚಿತವಾದ ಅಳತೆ ಅದೇ.

ಟೆಕ್ಸಾಸ್ ರೊಟ್ಟಿಯ ಹಾಗೆ ಚಪ್ಪಟೆ ಎನ್ನುವವರು ರಸಮಟ್ಟ ಹಿಡಿದು ನೋಡಿದವರಲ್ಲ. ಆಸ್ಟಿನ್ ಕಡೆ ಮಳೆ ಬಂದರೆ ಒಂದು ಗಂಟೆಯಲ್ಲಿ ಕೆರೆ ಸುರಿದುಹೋಗುತ್ತದೆ. ನೀರು ನಿಲ್ಲದಿರಲೆಂದು ಇಡೀ ಊರನ್ನೇ ಯಾರೋ ಓರೆ ಮಾಡಿ ಇಟ್ಟಿದ್ದಾರೆ.

ಕೊನೆಗೆ ರಸಮಟ್ಟದ ಮೇಲೇ ಸಂಶಯ ಬಂತು. ಅದಕ್ಕೂ ಪರೀಕ್ಷೆ ಉಂಟು: ಇಟ್ಟ ಜಾಗದಲ್ಲೇ ಹಿಂದುಮುಂದಾಗಿ ತಿರುಗಿಸಿಡಬೇಕು. ಗುಳ್ಳೆ ಮತ್ತೆ ಅದೇ ಕಡೆಗೆ, ಅಷ್ಟೇ ದೂರ ಹೋದರೆ ರಸಮಟ್ಟ ಸರಿ. ಅಡುಗೆಮನೆಯ ಗ್ರಾನೈಟಿನ ಮೇಲೆ ಇಟ್ಟೆ. ಎರಡು ಸಲವೂ ಗುಳ್ಳೆ ಕಿಟಕಿಯ ಕಡೆಗೇ ಹೋಯಿತು. ರಸಮಟ್ಟ ಸರಿ, ಅಡುಗೆಮನೆ ಓರೆ. ನನ್ನಾಕೆ ಸೌಟು ಕೆಳಗಿಟ್ಟಳು. "ದೋಸೆ ಒಂದು ಕಡೆ ದಪ್ಪ ಆಗೋದು ಇದಕ್ಕೇ. ಎಂಟು ವರ್ಷ ನನ್ನ ಕೈ ಸರಿ ಇಲ್ಲ ಅಂದ್ರಲ್ಲ!" ಆ ಶನಿವಾರ ಲಾರಿಯ ಮಟ್ಟ ಗೊತ್ತಾಗಲಿಲ್ಲ, ನನ್ನದು ಗೊತ್ತಾಯಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಕಿಟ್ಟಿನಲ್ಲಿ ಎರಡು ಪಂಥ. ಅಗ್ಗದ ಪಂಥದವರು ಮುಂದಿನ ಸ್ಟ್ರಟ್ಟಿನ ತಲೆಯ ಮೇಲೆ ಒಂದು ಲೋಹದ ಬಿಲ್ಲೆ ಕೂರಿಸುತ್ತಾರೆ. ಒಂದು ಇಂಚಿನ ಬಿಲ್ಲೆ ಗಾಡಿಯನ್ನು ಎರಡು ಇಂಚು ಎತ್ತುತ್ತದೆ. ಸ್ಟ್ರಟ್ಟು ಒತ್ತುವುದು ತೋಳಿನ ನಡುಭಾಗವನ್ನು, ಚಕ್ರವಿರುವುದು ತುದಿಯಲ್ಲಿ, ಏತದ ಲೆಕ್ಕ. ದುಬಾರಿ ಪಂಥದವರದು ಬಿಲ್‌ಸ್ಟೈನ್ 5100ರಂಥ ಶಾಕು. ಅದರ ಮೈಮೇಲೆ ಕಚ್ಚುಗಳಿವೆ, ಉಂಗುರವನ್ನು ಯಾವ ಕಚ್ಚಿಗೆ ಸಿಕ್ಕಿಸುತ್ತೀರೋ ಸ್ಪ್ರಿಂಗು ಅಷ್ಟು ಮೇಲೆ ಕೂರುತ್ತದೆ. ಎರಡೂ ಪಂಥ ಒಪ್ಪುವ ಮಾತು ಎರಡೇ: ಎರಡೂವರೆ ಇಂಚಿನಾಚೆ ಆಸೆಪಟ್ಟರೆ ಬಾಲ್ ಜಾಯಿಂಟು, ಸಿವಿ ಆಕ್ಸಲ್ಲುಗಳು ಹಲ್ಲು ಕಡಿಯುತ್ತವೆ, ಯಾವುದನ್ನು ಹಾಕಿದರೂ ಅಲೈನ್‌ಮೆಂಟ್ ಮಾಡಿಸಲೇಬೇಕು. ಹದಿನೈದು ದಿನ ಎಕ್ಸೆಲ್ ಹಾಳೆಯಲ್ಲಿ ಬಿಲ್ಲೆಗೂ ಶಾಕಿಗೂ ಕೂಡಾವಳಿ ನೋಡಿದೆ. ನಮ್ಮ ಮದುವೆಗೆ ಜಾತಕ ನೋಡಿದ್ದು ಅರ್ಧ ಗಂಟೆ.

ತೋಚದೆ ಒಬ್ಬಟ್ಟಿನ ಹಿರಿಯರಿಗೆ ಫೋನು ಮಾಡಿ, ತಾವು ಯಾವುದು ಹಾಕಿಸಿದ್ದೀರಿ ಎಂದು ಕೇಳಿದೆ. "ನಂಗೇನ್ರೀ ಗೊತ್ತು, ನಮ್ಮದು ಕ್ಯಾಮ್ರಿ" ಅಂದರು. ಹೀಗೆ ಪರರ ಹಲ್ಲಿನ ಸಂದಿಗೆ ನಾರು ಸಿಕ್ಕಿಸಿ ಕೈತೊಳೆದುಕೊಂಡು ಹೋಗುವವರಿಗೆ ಯಾವ ನರಕವಿದೆಯೋ, ಅಲ್ಲಿ ನೆಲ ಖಂಡಿತ ಓರೆಯಾಗಿರಲಿ.

ಬಿಲ್ಲೆಯೇ ಗೆದ್ದಿತು. ಗ್ಯಾರೇಜಿನವನು ಒಂದು ಮಧ್ಯಾಹ್ನದಲ್ಲಿ ಕೂರಿಸಿ, ಅಲೈನ್‌ಮೆಂಟ್ ಮಾಡಿ ಕೊಟ್ಟ. ಲಾರಿ ಎದೆ ಸೆಟೆಸಿ ನಿಂತಿತು. ಆರು ದಿನ ನಾನೂ ಹಾಗೇ ನಿಂತೆ.

ಏಳನೆಯ ದಿನ ನನ್ನಾಕೆ ಹೀರೆ, ಬದನೆ, ದಂಟಿನ ಸೊಪ್ಪಿನ ಪಾತಿಗೆ ಮಣ್ಣು ಬೇಕೆಂದಳು. ಮಗನನ್ನು ಕರೆದುಕೊಂಡು ಹೋಗಿ 40 ಪೌಂಡಿನ 30 ಚೀಲ ಹೇರಿದೆ. ಸುಮಾರು ಐದೂವರೆ ಕ್ವಿಂಟಾಲ್. ಲಾರಿ ತನ್ನ ಜನ್ಮದಲ್ಲೇ ಮೊದಲ ಸಲ ಹೊರೆ ಕಂಡಿತು. ಹಿಂಭಾಗ ಕುಸಿದು ಕೂತಿತು, ಮೂತಿ ಆಕಾಶ ನೋಡಿತು.

ವಾಪಸು ಬರುವಾಗ ಕತ್ತಲಾಗುತ್ತಿತ್ತು. ಎದುರು ಬಂದವರೆಲ್ಲ ಲೈಟು ಮಿನುಗಿಸಿದರು. ಟೆಕ್ಸಾಸಿನವರು ಎಷ್ಟು ಸ್ನೇಹಜೀವಿಗಳು ಎಂದು ಪ್ರತಿಯೊಬ್ಬರಿಗೂ ಕೈ ಎತ್ತಿದೆ. ಏಳನೆಯವನು ಹಾರ್ನ್ ಹೊಡೆದಾಗ ಹೊಳೆಯಿತು: ಗಾಡಿ ಎತ್ತಿದ ಮೇಲೆ ಹೆಡ್‌ಲೈಟನ್ನು ಬಗ್ಗಿಸಬೇಕಿತ್ತು. ಮುಂದೆ ಎರಡು ಇಂಚು ಎತ್ತಿದರೆ ನೂರು ಅಡಿ ದೂರದಲ್ಲಿ ಬೆಳಕು ಹತ್ತಿರಹತ್ತಿರ ಒಂದೂವರೆ ಅಡಿ ಮೇಲೇರುತ್ತದೆ. ಈಗ ಹಿಂದೆಯೂ ಅಷ್ಟೇ ಇಳಿದಿತ್ತು. ಹತ್ತು ವರ್ಷ ರಾತ್ರಿಹೊತ್ತು ಕಣ್ಣಿಗೆ ಬೆಳಕು ರಾಚಿದವರ ವಂಶವನ್ನೆಲ್ಲ ಬೈದವನು ನಾನು. ಈಗ ಆ ವಂಶಕ್ಕೆ ದತ್ತು ಹೋಗಿದ್ದೆ.

"ಅಪ್ಪ, ನಾರ್ತ್ ಕ್ಯಾರೊಲೈನಾದಲ್ಲಿ ಮೂತಿ ಎತ್ತಿಸಿದ ಟ್ರಕ್ಕು ಓಡಿಸೋ ಹಂಗಿಲ್ಲ" ಎಂದ ಮಗ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಫೋನು ನೋಡುತ್ತ. "2021ರ ಡಿಸೆಂಬರಿನಿಂದ. ಮುಂದಿನ ಫೆಂಡರ್ ಹಿಂದಿನದಕ್ಕಿಂತ ನಾಲ್ಕು ಇಂಚು ಎತ್ತರ ಇರಬಾರದಂತೆ."

"ನಮ್ಮದು ಎರಡೇ" ಅಂದೆ, ಕಾನೂನು ಓದಿಕೊಂಡ ಕಳ್ಳನ ಹಾಗೆ.

ಆಗ ಅನ್ನಿಸಿತು: ಬಿಲ್ಲೆ ಹಾಕಿಸದೇ ಇದ್ದಿದ್ದರೆ ಈ ಹೊತ್ತು ಲಾರಿ ಸರಿಯಾಗಿ ಸಮ ಇರುತ್ತಿತ್ತು. ಮೂರು ವರ್ಷ ಅದು ಬಗ್ಗಿ ಕಾದದ್ದು ಈ ಒಂದು ಸಂಜೆಗೆ.

ನಮ್ಮಜ್ಜ ಚಳ್ಳಕೆರೆಗೆ ಶೇಂಗಾ ಮೂಟೆ ಹೊಡೆಯುತ್ತಿದ್ದರು, ಎತ್ತಿನ ಗಾಡಿಯಲ್ಲಿ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ಆಗ ಅಜ್ಜ ತಿರುಗಿಯೂ ನೋಡದೆ, "ಏ, ಇಬ್ರು ಮೂಕಿ ಕಡಿಕ್ ಬರ್ರೋ" ಅನ್ನುತ್ತಿದ್ದರು. ನಾನೂ ತಮ್ಮನೂ ಮೂಟೆಗಳ ಮೇಲಿಂದ ಜಾರಿ ಮುಂದೆ ಬಂದು ಕೂರುತ್ತಿದ್ದೆವು. ನೊಗ ಇಳಿಯುತ್ತಿತ್ತು, ಎತ್ತುಗಳು ಉಸಿರು ಬಿಡುತ್ತಿದ್ದವು. ಕೂಲಿ, ತಲೆಗೊಂದು ಬೊಗಸೆ ಶೇಂಗಾ. ನನ್ನಂಥ ಸಣಕಲನ ತೂಕಕ್ಕೂ ಒಂದು ಕೆಲಸವಿದ್ದ ಕಾಲ ಅದು. ಅಜ್ಜ ತೀರಿಹೋದ ವರ್ಷವೇ ಮನೆಯವರು ಗಾಡಿಯನ್ನೂ ಮಾರಿದರು. ನಾನಿಲ್ಲಿದ್ದೆ. ಎಷ್ಟಕ್ಕೆ ಹೋಯಿತು ಎಂದಷ್ಟೇ ಫೋನಿನಲ್ಲಿ ಕೇಳಿದೆ.

ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು.

"ಏ, ಒಂಚೂರು ಮುಂದಕ್ಕೆ ಬಾರೋ" ಅಂದೆ.

"ನಾನು ಬಂದ್ರೆ ಕಾಲು ಇಂಚೂ ಇಳಿಯಲ್ಲ, ಅಪ್ಪ."

"ಗೊತ್ತು. ಬಾ."

ಗೊಣಗಿಕೊಂಡು ಇಳಿದು, ಮುಂದಿನ ಬಾಗಿಲು ತೆರೆದು, ನನ್ನ ಪಕ್ಕದಲ್ಲಿ ಕೂತ. ಹಸಿರು ಬಿತ್ತು. ಎದುರಿನ ಕಾರು ಸಿಟ್ಟಿನಿಂದ ಲೈಟು ಮಿನುಗಿಸಿತು. ಈ ಸಲ ಮಗನೇ ಕೈ ಎತ್ತಿದ.